ಅಮೆರಿಕದ ವೀಸಾ: ಸಂದರ್ಶನಕ್ಕೂ ಮೊದಲು ಅರ್ಜಿ ಎಲ್ಲಿ ಕೆಡುತ್ತದೆ?

ನೀವು ಸಂದರ್ಶನದ ಕಿಟಕಿ ತಲುಪುವ ಮೊದಲೇ ನಿಮ್ಮ ಡಿಎಸ್-160 (ತಾತ್ಕಾಲಿಕ ವೀಸಾಕ್ಕೆ ಆನ್‌ಲೈನ್‌ನಲ್ಲಿ ತುಂಬುವ ಅರ್ಜಿ) ಕಾನ್ಸುಲೇಟ್ ಅಧಿಕಾರಿಗೆ ಸಿಕ್ಕಿರುತ್ತದೆ. ವೀಸಾ ಅರ್ಜಿ ಕೇಂದ್ರದಲ್ಲಿ ಸಾಮಾನ್ಯವಾಗಿ ಹತ್ತೂ ಬೆರಳಿನ ಅಚ್ಚು, ಫೋಟೊ ತೆಗೆದುಕೊಳ್ಳುತ್ತಾರೆ. ಹೆಸರನ್ನೂ ಬೆರಳಚ್ಚನ್ನೂ ಭದ್ರತಾ ದಾಖಲೆಗಳ ಜೊತೆ ತಾಳೆ ನೋಡುತ್ತಾರೆ. ಹಿಂದೆ ವೀಸಾ ನಿರಾಕರಣೆ ಆಗಿದ್ದರೆ ಇಲ್ಲೇ ಕಾಣುತ್ತದೆ, ದಯವಿಟ್ಟು ಮುಚ್ಚಿಡಬೇಡಿ.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ ಇಡೀ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (FNU, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’) ಎಂದು ತುಂಬಬೇಕು. ಇನಿಶಿಯಲ್ ಬಿಡಿಸಿ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ಸೇರಿಸಲು ಹೋಗಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಇರಲಿ, ಒಂದಕ್ಷರವೂ ಹೆಚ್ಚುಕಮ್ಮಿ ಆಗಬಾರದು.

ಇನ್ನೊಂದು, ಅರ್ಜಿ ಸಲ್ಲಿಸಿದ ಮೇಲೆ ಸಿಗುವ ದೃಢೀಕರಣ ಪುಟದ ಬಾರ್‌ಕೋಡ್. ತಪ್ಪು ತಿದ್ದಲು ಹೊಸ ಡಿಎಸ್-160 ಸಲ್ಲಿಸಿದರೆ ‘ಎಎ’ಯಿಂದ ಶುರುವಾಗುವ ದೃಢೀಕರಣ ಸಂಖ್ಯೆಯೂ ಬದಲಾಗುತ್ತದೆ. ಅಪಾಯಿಂಟ್‌ಮೆಂಟ್ ಖಾತೆಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸಬಹುದು. ಹಾಗಾಗಿ ಅರ್ಜಿ ಸಲ್ಲಿಸಿದ ದಿನವೇ ಖಾತೆಯಲ್ಲೂ ತಿದ್ದಿ, ದೃಢೀಕರಣ ಪುಟ ಪ್ರಿಂಟ್ ತೆಗೆದಿಡಿ.

ಫೋಟೊ 2×2 ಇಂಚು, 6 ತಿಂಗಳೊಳಗಿನದು, ಕನ್ನಡಕ ಇಲ್ಲದ್ದು. ಅರ್ಜಿ ತುಂಬುವಾಗ ಸುಮಾರು 20 ನಿಮಿಷ ಸುಮ್ಮನಿದ್ದರೆ ಪುಟ ಮುಚ್ಚಿಕೊಳ್ಳುತ್ತದೆ. ಅರ್ಜಿಯ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ, ಆಗಾಗ ಸೇವ್ ಮಾಡುತ್ತಿರಿ.