ಕಜ್ಜಾಯಕ್ಕೆ ಒಂದೆಳೆ ಪಾಕ ಸಾಲದು

ನಮಸ್ಕಾರ.

‘ಕಜ್ಜಾಯ’ ಎಂಬ ಪದದ ಅರ್ಥ, ಬಳಕೆ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಹಾಕಲಾಗದು. ವಿಷಯ ಗಟ್ಟಿಯಾಗಿದೆ, ತಿದ್ದಿ ಕಳಿಸಿದರೆ ಮತ್ತೆ ನೋಡುತ್ತೇವೆ.

ಮೊದಲ ತೊಡಕು ವ್ಯುತ್ಪತ್ತಿ. ಶುಭಕಾರ್ಯಕ್ಕೆ ಮಾಡುವುದರಿಂದ ‘ಕಜ್ಜ’ಕ್ಕೆ ‘ಆಯ’ ಸೇರಿ ಕಜ್ಜಾಯವಾಯಿತು ಎಂದಿದ್ದೀರಿ. ಹಳಗನ್ನಡದಲ್ಲಿ ಕಾರ್ಯ ‘ಕಜ್ಜ’ವಾಗುವುದು ನಿಜ. ಆದರೆ ಆ ‘ಆಯ’ ಎಲ್ಲಿಂದ ಬಂತು? ದನಿ ಕೂಡಿದ್ದೆಲ್ಲ ವ್ಯುತ್ಪತ್ತಿಯಲ್ಲ. ‘ಖಾದ್ಯ’ದ ಕಡೆ ನೋಡಿ. ವಿದ್ಯೆ ‘ಬಿಜ್ಜೆ’ಯಾದ ಹಾಗೆ ಖಾದ್ಯ ಪ್ರಾಕೃತದಲ್ಲಿ ‘ಖಜ್ಜ’ವಾಗುತ್ತದೆ, ಪಾಲಿಯ ‘ಖಜ್ಜಕ’ ಎಂದರೆ ತಿಂಡಿಯೇ. ಬಿಹಾರದ ಸಿಹಿತಿಂಡಿ ಖಾಜಾ ಕೂಡ ಇದೇ ಮನೆತನದ್ದು.

ಕಜ್ಜಾಯವನ್ನು ಉದ್ದಕ್ಕೂ ‘ಮಿಠಾಯಿ’ ಎಂದು ಕರೆದಿದ್ದೀರಲ್ಲ, ಅದು ಕಿವಿಗೆ ಚುಚ್ಚುತ್ತದೆ. ಮಿಠಾಯಿ ಅಂಗಡಿಯಿಂದ ಬರುವಂಥದ್ದು, ಕಜ್ಜಾಯ ಮನೆಯಲ್ಲಿ ಸುಡುವಂಥದ್ದು. ಹೌದು, ‘ಸುಡುವುದು’. ಬೆಂಗಳೂರು, ಕೋಲಾರದ ಕಡೆ ದೀಪಾವಳಿಯ ನೋಮಿಗೆ, ಅಂದರೆ ವ್ರತಕ್ಕೆ, ಕಜ್ಜಾಯ ಸುಡುತ್ತಾರೆ. ನಿಮ್ಮ ‘ಡೀಪ್ ಫ್ರೈ ಮಾಡುತ್ತಾರೆ’ ಬೇಡ. ತಮಿಳರ ಅತಿರಸ, ತೆಲುಗರ ಅರಿಸೆಲು, ಮರಾಠಿಗರ ಅನಾರಸ ಎಲ್ಲವೂ ಇದೇ ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಬಳಗ ಒಂದೇ, ತಿಂಡಿ ಒಂದೇ ಅಲ್ಲ. ಅನಾರಸಕ್ಕೆ ಒಂದು ಮಗ್ಗುಲಿಗೆ ಗಸಗಸೆ ಹಚ್ಚಿ, ಆ ಮಗ್ಗುಲು ಮೇಲಿರುವಂತೆ ಎಣ್ಣೆಗೆ ಬಿಟ್ಟು, ಮಗುಚದೆ ತೆಗೆಯುತ್ತಾರೆ.

ಮಾಡುವ ಕ್ರಮದಲ್ಲಿ ದೊಡ್ಡ ತಪ್ಪಿದೆ. ‘ಒಂದೆಳೆ ಪಾಕಕ್ಕೆ ಒಣ ಅಕ್ಕಿಹಿಟ್ಟು’ ಎಂದು ನಂಬಿ ಯಾರಾದರೂ ಮಾಡಿದರೆ ಬಾಣಲೆಯ ತಳದಲ್ಲಿ ಪುಡಿ ಸಿಗುತ್ತದೆ, ಅಷ್ಟೆ. ಅಕ್ಕಿಯನ್ನು ರಾತ್ರಿ ನೆನೆಸಿ, ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಬೇಕು. ಹಿಡಿದರೆ ಕೈಗೆ ತಂಪು ತಾಗಬೇಕು, ನೀರು ಅಂಟಬಾರದು. ಆ ಹದದಲ್ಲೇ ಬೀಸಿ ಜರಡಿ ಹಿಡಿಯಬೇಕು. ಪೂರ್ತಿ ಒಣಗಿದರೆ ತಟ್ಟುವಾಗ ಅಂಚು ಬಿರಿಯುತ್ತದೆ. 1 ಲೋಟ ಅಕ್ಕಿಗೆ ಮುಕ್ಕಾಲು ಲೋಟ ಬೆಲ್ಲದ ಪುಡಿ ಸರಿಹೋಗುತ್ತದೆ. ಪಾಕ ಉಂಡೆಪಾಕವಾಗಬೇಕು: ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತನೆಯ ಉಂಡೆ ನಿಲ್ಲಬೇಕು. ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಬಿಟ್ಟುಕೊಳ್ಳುತ್ತದೆ. ಟಣ್ ಎನ್ನುವಷ್ಟು ಬಲಿತರೆ ಹಲ್ಲಿಗೆ ಕೆಲಸ. ಕಲಸಿದ ಹಿಟ್ಟು ಒಂದು ರಾತ್ರಿ ಕೂರಲಿ. ಉರಿ ಸಣ್ಣದಿರಲಿ, ಬೆಲ್ಲ ಬೇಗ ಕಪ್ಪಗಾಗುತ್ತದೆ. ತೆಗೆದ ಕೂಡಲೇ ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸುವುದನ್ನು ನೀವು ಬರೆದೇ ಇಲ್ಲ.

‘ಬೆತ್ತದ ಕಜ್ಜಾಯ’ದ ಭಾಗ ಚೆನ್ನಾಗಿ ಬಂದಿದೆ. ಆದರೆ ಹಿಟ್ಟು ತಟ್ಟುವುದರಿಂದ ಏಟಿಗೆ ಆ ಹೆಸರು ಬಂತೆಂಬ ವಿವರಣೆ ಎಳೆದು ತಂದದ್ದು. ತಟ್ಟುವುದಕ್ಕೆ ರೊಟ್ಟಿ, ವಡೆಯೂ ಇವೆಯಲ್ಲ! ಬೈಗುಳಕ್ಕೆ ‘ಮಂಗಳಾರತಿ’, ಹೊಡೆತಕ್ಕೆ ‘ಪೂಜೆ’ ಎನ್ನುವ ವ್ಯಂಗ್ಯವೇ ಇಲ್ಲಿಯೂ ಇರುವುದು. ಆ ಮೂರನ್ನೂ ಜೊತೆಗಿಟ್ಟು ಬರೆಯಿರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಈಗ ಮೊದಲಲ್ಲಿರುವ ಅಜ್ಜಿಯ ನೆನಪಿನ ಎರಡು ಪುಟ ತೆಗೆಯಿರಿ. ಅದರಲ್ಲಿ ಕಜ್ಜಾಯ ಒಂದೇ ಸಲ ಬರುತ್ತದೆ, ಅದೂ ಡಬ್ಬಿಯೊಳಗೆ.