ದೋಸೆ ಅಂಗಡಿಗೆ ಯಾವ ಅವಾರ್ಡ್?

ಮೆಲ್ಬರ್ನ್‌ನ ನಿಮ್ಮ ದೋಸೆ ಅಂಗಡಿಯಲ್ಲಿ ನಾಲ್ಕೇ ಜನ ಕೆಲಸಕ್ಕಿದ್ದಾರೆ, ಅವಾರ್ಡ್ ನಿಯಮ (ಬಹುಮಾನ ಅಲ್ಲ, ಆಯಾ ಉದ್ಯಮದ ಕನಿಷ್ಠ ಸಂಬಳ, ಕೆಲಸದ ಷರತ್ತು ಹೇಳುವ ಆಸ್ಟ್ರೇಲಿಯಾದ ಕಾನೂನು) ನಮಗೂ ಇದೆಯಾ, ಇದ್ದರೆ ಯಾವುದು ಅಂತ ಕೇಳಿದ್ದೀರಿ. ಇದೆ. ಅಂಗಡಿ ಚಿಕ್ಕದು ಅಂತ ಬಿಡೋದಿಲ್ಲ.

ಗಿರಾಕಿಗಳು ಎಲ್ಲಿ ತಿನ್ನುತ್ತಾರೆ ನೋಡಿ. ಹೆಚ್ಚಿನವರು ಕೂತು ತಿನ್ನುವುದಾದರೆ ರೆಸ್ಟೋರೆಂಟ್ ಇಂಡಸ್ಟ್ರಿ ಅವಾರ್ಡ್ 2020. ಪಾರ್ಸೆಲ್ಲೇ ಜಾಸ್ತಿ ಅಂದ್ರೆ ಫಾಸ್ಟ್ ಫುಡ್ ಇಂಡಸ್ಟ್ರಿ ಅವಾರ್ಡ್ 2020. ಬೋರ್ಡಿನಲ್ಲಿ ‘ಕೆಫೆ’ ಅಂತ ಬರೆಸಿದ ಮಾತ್ರಕ್ಕೆ ತೀರ್ಮಾನ ಆಗಲ್ಲ.

ನಮ್ಮವರು ಎಡವುವುದು ಸಂಬಳದಲ್ಲಿ. ವಾರಪೂರ್ತಿ ಗಂಟೆಗೆ ಒಂದೇ ದರ ಕೊಟ್ಟು ಸುಮ್ನೆ ಇರ್ತಾರೆ. ಕ್ಯಾಶುಯಲ್‌ಗಳಿಗೆ (ಖಾಯಂ ಅಲ್ಲದೆ, ಬೇಕಾದಾಗ ಕರೆಸಿಕೊಳ್ಳುವವರಿಗೆ) 25% ಹೆಚ್ಚು ಕೊಡಬೇಕು, ಭಾನುವಾರದ ದರವೇ ಬೇರೆ. ಅನುಮಾನವಿದ್ದರೆ ಕೆಲಸ-ಸಂಬಳದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಫೇರ್ ವರ್ಕ್ ಆಂಬುಡ್ಸ್‌ಮನ್‌ಗೆ 13 13 94ಕ್ಕೆ ಫೋನ್ ಮಾಡಿ.