ಮಾತ್ರೆ ಶುರುವಾದ ಮೇಲೆ ಮೂತ್ರದಲ್ಲಿ ಸಕ್ಕರೆ

ಪ್ರಶ್ನೆ: ನನ್ನ ತಾಯಿಗೆ 62 ವರ್ಷ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳ ಹಿಂದೆ ವೈದ್ಯರು ಡಪಾಗ್ಲಿಫ್ಲೋಜಿನ್ ಮಾತ್ರೆ ಆರಂಭಿಸಿದ ಮೇಲೆ ಖಾಲಿ ಹೊಟ್ಟೆಯ ಸಕ್ಕರೆ 118ಕ್ಕೆ ಇಳಿದಿದೆ. ಆದರೆ ಮೊನ್ನೆಯ ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ನಾಲ್ಕು ಪ್ಲಸ್ ಎಂದು ಬಂದಿದೆ, ಬಚ್ಚಲಲ್ಲಿ ಇರುವೆ ಮುತ್ತುತ್ತಿದೆ. ಕಿಡ್ನಿ ಕೆಟ್ಟಿತೆಂದು ಹೆದರಿ ಅವರು ಮಾತ್ರೆ ಬಿಡುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಅಂಕೋಲಾ

ಉತ್ತರ: ತಾಯಿಯವರು ತಾವಾಗಿಯೇ ಮಾತ್ರೆ ಬಿಡುವುದು ಬೇಡ. ಆ ನಾಲ್ಕು ಪ್ಲಸ್ ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತು.

ಆರೋಗ್ಯವಂತರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರೊಡನೆ ಸುಮಾರು 180 ಗ್ರಾಂ ಗ್ಲೂಕೋಸ್ ಕೂಡ ಇಳಿದುಬರುತ್ತದೆ. ಇಷ್ಟನ್ನೂ ಸೂಕ್ಷ್ಮ ನಾಳಗಳ ಮೊದಲ ಭಾಗವೇ ರಕ್ತಕ್ಕೆ ಮರಳಿಸುತ್ತದೆ. ಅಲ್ಲಿನ ಜೀವಕೋಶಗಳು ಹಿಂಬದಿಯಿಂದ ಸೋಡಿಯಂ ಅನ್ನು ಸತತವಾಗಿ ಹೊರದಬ್ಬುತ್ತಿರುವುದರಿಂದ ಒಳಗೆ ಅದರ ಕೊರತೆಯಾಗಿ, ನಾಳದಲ್ಲಿರುವ ಸೋಡಿಯಂ ಒಳನುಗ್ಗುತ್ತದೆ, ನುಗ್ಗುವಾಗ ಗ್ಲೂಕೋಸನ್ನೂ ಜೊತೆಗೆ ಎಳೆದೊಯ್ಯುತ್ತದೆ. ನಿಮ್ಮ ಕಡೆಯ ಸಾಣಿಕಟ್ಟಾ ಉಪ್ಪಿನಲ್ಲಿರುವ ಸೋಡಿಯಂ ದೇಹದೊಳಗೆ ಸಕ್ಕರೆಯನ್ನು ಹೊರುವುದು ನನಗೆ ಇಂದಿಗೂ ಬೆರಗಿನ ಸಂಗತಿ. ಇವೆರಡನ್ನೂ ಒಟ್ಟಿಗೆ ದಾಟಿಸುವ ಪ್ರೋಟೀನುಗಳಲ್ಲಿ ಎಸ್‌ಜಿಎಲ್‌ಟಿ-2 ಎಂಬುದು ಶೇ. 90ರಷ್ಟು ಗ್ಲೂಕೋಸನ್ನು ಹಿಡಿಯುತ್ತದೆ, ಉಳಿದದ್ದನ್ನು ಮುಂದೆ ಎಸ್‌ಜಿಎಲ್‌ಟಿ-1 ಹಿಡಿಯುತ್ತದೆ.

ಹೊಳೆ ದಾಟಿಸುವ ತಾರಿಯಲ್ಲಿ ಹಿಡಿಯುವಷ್ಟೇ ಜನ ಹಿಡಿಯುವಂತೆ, ಈ ಪ್ರೋಟೀನುಗಳಿಗೂ ಮಿತಿಯಿದೆ. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದರೆ ಹೆಚ್ಚಾದದ್ದು ಮೂತ್ರಕ್ಕೆ ಹೋಗುತ್ತದೆ. ಹಿಂದೆ ಇರುವೆ ಮುತ್ತುವುದನ್ನು ಕಂಡು ಕಾಯಿಲೆ ಗುರುತಿಸುತ್ತಿದ್ದುದು ಇದರಿಂದಲೇ. ನಿಮ್ಮ ತಾಯಿಯವರ ಮಾತ್ರೆ ಎಸ್‌ಜಿಎಲ್‌ಟಿ-2 ಅನ್ನೇ ತಡೆಯುವುದರಿಂದ, ರಕ್ತದಲ್ಲಿ 118 ಇದ್ದಾಗಲೂ ಸಕ್ಕರೆ ಹೊರಹೋಗುತ್ತದೆ. ಮೂತ್ರಪಿಂಡದ ಸೋಸುವ ಶಕ್ತಿ ತೀರಾ ಕುಂದಿದ್ದರೆ ಇಷ್ಟು ಸಕ್ಕರೆ ಮೂತ್ರಕ್ಕೆ ಇಳಿಯುತ್ತಲೇ ಇರಲಿಲ್ಲ.

ಆದ್ದರಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿರುವಷ್ಟು ಕಾಲ ಮೂತ್ರದ ಸಕ್ಕರೆಯನ್ನು ನೋಡಿ ಕಾಯಿಲೆಯ ಹತೋಟಿಯನ್ನು ಅಳೆಯಬೇಡಿ. ಅದಕ್ಕೆ ರಕ್ತದ ಸಕ್ಕರೆ ಮತ್ತು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಸಾಕು. ಮೂತ್ರಪಿಂಡದ ಬಗ್ಗೆ ತಿಳಿಯಬೇಕಾದರೆ ರಕ್ತದ ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ.

ನಿಜವಾಗಿ ಎಚ್ಚರ ವಹಿಸಬೇಕಾದ ಸಂಗತಿಗಳು ಬೇರೆ ಇವೆ. ಸಕ್ಕರೆಯಿರುವ ಮೂತ್ರದಿಂದ ಗುಪ್ತಾಂಗದಲ್ಲಿ ಶಿಲೀಂಧ್ರ ಬೆಳೆದು ತುರಿಕೆ ಬರಬಹುದು. ಸಂಕೋಚಪಟ್ಟು ಮುಚ್ಚಿಡದೆ ವೈದ್ಯರಿಗೆ ಹೇಳಲಿ. ವಾಂತಿ, ಭೇದಿಯಾಗಿ ಊಟ ಸೇರದ ದಿನಗಳಲ್ಲಿ, ಏಕಾದಶಿಯ ಕಟ್ಟುನಿಟ್ಟಿನ ಉಪವಾಸಕ್ಕೆ ಮುಂಚೆ, ಅಥವಾ ಶಸ್ತ್ರಚಿಕಿತ್ಸೆಯ ಮೊದಲು ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಿಕೊಳ್ಳಿ. ಅಂಥ ವೇಳೆ ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋನುಗಳು (ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲಗಳು) ರಕ್ತದಲ್ಲಿ ಸೇರಿಕೊಂಡು ಪ್ರಾಣಕ್ಕೆ ಅಪಾಯವಾಗುವುದುಂಟು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಯ ಹಾಳೆಯೂ ಕೈಯಲ್ಲಿರಲಿ.